ಹಿಂದೆ ನಿಂತವರೂ ಬರಬೇಕು

ಮೊನ್ನೆ ಸೊಸೆ ಮೆಣಸಿನಕಾಯಿ ಉಪ್ಪಿನಕಾಯಿಗೆಂದು ಸಿರ್ಕಾದ, ಅಂದರೆ ವಿನೆಗರಿನ, ಸೀಸೆ ತಂದಿಟ್ಟಿದ್ದಳು. ನಾವೆಲ್ಲ ನಿಂಬೆರಸದಲ್ಲೇ ಹಾಕುತ್ತಿದ್ದವರು. ಈಗಿನವರಿಗೆ ಸಿರ್ಕಾ ಬೇಕು, ಇರಲಿ. ಬಿರಡೆ ಬಿಗಿಯಾಗಿದೆ ಎಂದು ನನ್ನ ಕೈಗೆ ಕೊಟ್ಟಳು. ತಿರುವಿ ತೆಗೆದೆ ನೋಡಿ, ಆ ಹುಳಿ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಘಾಟು ಹತ್ತಿತೇನು ಎಂದು ಸೊಸೆ ಕೇಳಿದಳು. ಹೌದೆಂದು ಹೇಳಿ ಹಿತ್ತಲಿಗೆ ಬಂದು ಕೂತೆ. ಘಾಟಲ್ಲ... ರಾಯಚೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿ ಇದ್ದ ಮನೆಯ, ಫೋಟೋ ತೊಳೆಯುವ ಕತ್ತಲೆ ಕೋಣೆ ಇದೇ ವಾಸನೆ ಹೊಡೆಯುತ್ತಿತ್ತು. ಆ ಮನೆಯಲ್ಲಿ ಇದ್ದವರನ್ನು ಓಣಿಗೆ ಓಣಿಯೇ ಫೋಟೋದವ್ವ ಎನ್ನುತ್ತಿತ್ತು.

ದೇವದುರ್ಗದ ಶೈವರ ಮನೆಯ ಮಗಳು ಅವರು. ಗಂಡ ಹೈದರಾಬಾದಿನಲ್ಲಿ ಕೆಲಸ ಕಲಿತು ಬಂದು ರಾಯಚೂರಿನಲ್ಲಿ ಸ್ಟುಡಿಯೋ ಇಟ್ಟಿದ್ದರಂತೆ. ಅವರು ತೀರಿಕೊಂಡಾಗ ಬೀಗರು-ನೆಂಟರು ಕೂಡಿ, ಕ್ಯಾಮೆರಾ ಮಾರಿ ತವರಿಗೆ ನಡಿ ಎಂದರು. ದಿನಕರ್ಮ ಮುಗಿದ ಮಾರನೆಯ ಬೆಳಿಗ್ಗೆ ಈಕೆ ಹಣೆಗೆ ವಿಭೂತಿ ಹಚ್ಚಿಕೊಂಡು, ಸ್ಟುಡಿಯೋದ ಬಾಗಿಲು ತೆರೆದು, ಒರೆಸುವ ಬಟ್ಟೆ ಹಿಡಿದು ಕೂತುಬಿಟ್ಟರು. ಆಗ ನಿಜಾಮರ ಸರಕಾರ. ಊರಲ್ಲಿ ಪರದೆಯ ಮನೆಗಳು ಬಹಳ. ಗಂಡಸಿನ ಮುಂದೆ ಮುಖ ತೆರೆಯಲಾಗದ ಹೆಣ್ಣುಮಕ್ಕಳು ಪರದೆ ಕಟ್ಟಿದ ಟಾಂಗಾದಲ್ಲಿ ಶುಕ್ರವಾರ ಶುಕ್ರವಾರ ಬಂದಿಳಿಯುತ್ತಿದ್ದರು. ಶುಕ್ರವಾರ ಆ ಬಾಗಿಲಿಗೆ ಗಂಡುಪಿಳ್ಳೆಯೂ ಸುಳಿಯುವಂತಿಲ್ಲ. ಓಣಿಯ ಹಿರಿಯರು ಗೊಣಗಿದರು, ಬೈದರು. ಬೈದ ಮನೆಗಳ ಹೆಂಗಸರೇ ಮುಂದಿನ ಶುಕ್ರವಾರ ಮೂಗುಬಟ್ಟು ಹಾಕಿಕೊಂಡು ಹೋಗಿ ಕೂತರು.

ನಾನಾಗ ಹೊಸ ಸೊಸೆ. ನಮ್ಮದು ಆಚಾರದ ವೈಷ್ಣವರ ಮನೆ. ಮಾವನವರು ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ನಮ್ಮವರಿಗೆ ದೂರದ ಹಳ್ಳಿಯಲ್ಲಿ ನೌಕರಿ, ರಜೆಗೆ ಮಾತ್ರ ಬರುತ್ತಿದ್ದರು. ಬೇಸಿಗೆ ಬಂತೆಂದರೆ ನನ್ನ ಹಗಲೆಲ್ಲ ಮಾಳಿಗೆಯ ಮೇಲೆ, ಹಪ್ಪಳ ಸಂಡಿಗೆ ಒಣಗಿಸುವುದರಲ್ಲಿ. ನಮ್ಮ ಮಾಳಿಗೆಗೂ ಫೋಟೋದವ್ವನ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಒಂದು ಕುಂಬಿ ಗೋಡೆ ಅಷ್ಟೆ. ಅವರದೂ ಒಣಗಿಸುವ ಕೆಲಸವೇ. ಕಟ್ಟಿಗೆಯ ಸಣ್ಣ ಚೌಕಟ್ಟುಗಳಲ್ಲಿ ಗಾಜಿನ ಪ್ಲೇಟು, ಅದರಡಿ ಕಾಗದ ಇಟ್ಟು ಬಿಸಿಲಿಗೆ ಸಾಲಾಗಿ ಜೋಡಿಸುತ್ತಿದ್ದರು. ಬಿಸಿಲು ಕುಡಿದಂತೆಲ್ಲ ಕಾಗದದಲ್ಲಿ ಮುಖ ಮೂಡುತ್ತಿತ್ತು. ನಾನು ಊಟಕ್ಕೆ ಇಳಿದರೆ ನನ್ನ ಹಪ್ಪಳಕ್ಕೆ ಕಾಗೆ ಬರದಂತೆ ಅವರು ನೋಡುತ್ತಿದ್ದರು. ಅವರು ಇಳಿದರೆ ಮೋಡ ಬಂದಾಗ ಚೌಕಟ್ಟು ಮುಚ್ಚುವುದು ನನ್ನ ಪಾಲು. ಹೀಗೆ ಶುರುವಾಯಿತು.

ನನಗೆ ದೂರದ್ದು ಕಾಣುತ್ತಿರಲಿಲ್ಲ. ಸೊಸೆಯ ಮೂಗಿನ ಮೇಲೆ ಕನ್ನಡಕ ಇಡುವ ಕಾಲವಲ್ಲ ಅದು. ಕಣ್ಣು ಕಿರಿದು ಮಾಡಿಕೊಂಡು ದಿನ ದೂಡುತ್ತಿದ್ದೆ. ಒಂದು ಮಧ್ಯಾಹ್ನ ಪತ್ರಾವಳಿ ಹಚ್ಚುತ್ತ ಕೂತಿದ್ದಾಗ ಫೋಟೋದವ್ವ ಗೋಡೆ ದಾಟಿ ಬಂದು, ಒಂದು ಮುತ್ತುಗದ ಎಲೆ ಕೇಳಿ ಇಸಿದುಕೊಂಡರು. ಕಡ್ಡಿಯಿಂದ ಅದರ ನಡುವೆ ಸಣ್ಣ ತೂತು ಮಾಡಿ, ಇದರೊಳಗಿಂದ ಕೋಟೆಯ ಕಡೆ ನೋಡು ಎಂದರು. ನೋಡಿದೆ. ಬರೀ ಕಂದು ಮುದ್ದೆಯಾಗಿದ್ದ ಬೆಟ್ಟದ ಮೇಲೆ ಒಂದೊಂದು ಗುಂಡು ಬೇರೆಯಾಗಿ ನಿಂತಿತು. ಕೋಟೆಯ ಗೋಡೆಯ ಕಲ್ಲು ಕಲ್ಲಿನ ಸಂದಿ ಕಂಡಿತು. ಮದುವೆಯಾಗಿ ಬಂದ ಮೇಲೆ ಆ ಊರನ್ನು ನಾನು ಮೊದಲ ಸಲ ನೋಡಿದ್ದು ಆವತ್ತೇ, ಊಟದ ಎಲೆಯ ತೂತಿನಲ್ಲಿ.

'ತೂತು ಸಣ್ಣದಾದಷ್ಟು ದೂರಿಂದು ಹತ್ರ ಬರ್ತದ ತಂಗಿ,' ಎಂದರು. 'ಕ್ಯಾಮರಾನೂ ಇಷ್ಟ. ಮತ್ತೇನಿಲ್ಲ.'

ಮತ್ತೇನಿಲ್ಲ ಎಂದವರು ಎರಡು ವರ್ಷ ಕಲಿಸಿದರು. ಮೂರು ಕಾಲಿನ ಮೇಲೆ ಕ್ಯಾಮೆರಾ ಇಟ್ಟು, ಕುಂಬಿ ಗೋಡೆಯ ಉದ್ದಕ್ಕೆ ನಮ್ಮ ಮನೆಯ ತಂಬಿಗೆಗಳನ್ನು ಒಂದರ ಹಿಂದೆ ಒಂದು ದೂರ ದೂರ ಇಡಿಸುತ್ತಿದ್ದರು. ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ಗಾಜಿನ ಮೇಲೆ ತಂಬಿಗೆಗಳೆಲ್ಲ ತಲೆಕೆಳಗೆ. ಮಸೂರದ ಕೊಳವೆಗೆ ಒಂದು ಸೀಳು ಇತ್ತು. ಅದರೊಳಗೆ ತೂರಿಸಲು ಹಿತ್ತಾಳೆಯ ಬಿಲ್ಲೆಗಳು, ಒಂದೊಂದರ ನಡುವೆ ಒಂದೊಂದು ಅಳತೆಯ ತೂತು. ದೊಡ್ಡ ತೂತಿನ ಬಿಲ್ಲೆ ಹಾಕಿದರೆ ಗಾಜು ಬೆಳ್ಳಗೆ ಬೆಳಗುತ್ತಿತ್ತು, ಆದರೆ ಒಂದೇ ತಂಬಿಗೆ ಸ್ಪಷ್ಟ; ಹಿಂದಿನದೂ ಮುಂದಿನದೂ ಕರಗಿದ ಬೆಣ್ಣೆ. ಸಣ್ಣ ತೂತಿನದು ಹಾಕಿದರೆ ಮೊದಲನೆಯದರಿಂದ ಕೊನೆಯದರ ತನಕ ಎಲ್ಲ ತಂಬಿಗೆಗಳ ಕಂಠವೂ ಮೂಡುತ್ತಿತ್ತು, ಆದರೆ ಮುಸ್ಸಂಜೆಯಂಥ ಕತ್ತಲು. ಆಗ ಮಸೂರದ ಮುಚ್ಚಳ ತೆಗೆದು ಬಹಳ ಹೊತ್ತು ಕಾಯಬೇಕು. ಕಾಯುವಾಗ ಅಲುಗಿದ್ದು ಮಂಜಾಗಿ ಹೋಗುತ್ತದೆ. ಮುಂದಿನದರಿಂದ ಹಿಂದಿನದರ ತನಕ ಎಲ್ಲವೂ ಮೂಡುವುದಕ್ಕೆ ಅವರು ಆಳ ಎನ್ನುತ್ತಿದ್ದರು. ಆಳ ಕೊಡುವುದೂ ಕಿತ್ತುಕೊಳ್ಳುವುದೂ ತೆಗೆಯುವವರ ಕೈಯಲ್ಲಿದೆ. ಆಳ ಬೇಕೆಂದರೆ ತಡೆದುಕೊಳ್ಳುವವರು ಬೇಕು ಎಂದು ಹೇಳುತ್ತಿದ್ದರು. ಹೊತ್ತನ್ನು ಅವರು 'ಓಂ ನಮಃ ಶಿವಾಯ' ಎಂದು ಎಣಿಸುತ್ತಿದ್ದರು. ನಾನು ಮನಸ್ಸಿನಲ್ಲೇ 'ಹರೇ ಶ್ರೀನಿವಾಸ' ಎಂದು ಎಣಿಸುತ್ತಿದ್ದೆ. ಎರಡೂ ಒಂದೇ ಉದ್ದ, ಹೋಲಿಸಿ ನೋಡಿದ್ದೆವು.

ನಮ್ಮ ಮನೆಯಲ್ಲಿ ಅಕ್ಕ ಇದ್ದರು. ಮಾವನವರ ಅಕ್ಕ, ಆದರೆ ಮಕ್ಕಳು ಮರಿ ಎಲ್ಲರಿಗೂ ಅಕ್ಕನೇ. ಮೈನೆರೆಯುವ ಮೊದಲೇ ಗಂಡ ಹೋಗಿದ್ದ. ಆಗಿನ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿದ್ದರು. ತಾಯಿ ಬೇಗ ಸತ್ತಾಗ ತಮ್ಮನಿಗೆ ತುತ್ತು ಮಾಡಿ ಉಣಿಸಿ ಬೆಳೆಸಿದವರು ಅವರೇ. ಆ ತಮ್ಮ ಮುಂಜಾನೆ ಹೊರಗೆ ಹೊರಟರೆ ಅಕ್ಕ ಬಾಗಿಲ ಹಿಂದೆ ಸರಿಯುತ್ತಿದ್ದರು, ಎದುರಿಗೆ ಬರಬಾರದೆಂದು. ಯಾರೂ ಹೇಳಬೇಕಾಗಿರಲಿಲ್ಲ, ಕಾಲೇ ಸರಿಯುತ್ತಿತ್ತು.

ನನ್ನ ಮದುವೆಯಲ್ಲಿ ತೆಗೆಸಿದ ಒಂದು ಗುಂಪಿನ ಚಿತ್ರ ಪಡಸಾಲೆಯಲ್ಲಿತ್ತು. ಅದನ್ನು ತೆಗೆದವನು ಬೇರೆ ಊರಿನವನು. ಅಕ್ಕ ಆವತ್ತು ಎಲ್ಲರ ಹಿಂದೆ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ಚಿತ್ರ ಬಂದಾಗ ಆ ಬಾಗಿಲಲ್ಲಿ ಒಂದು ಕರಿ ಕಲೆ ಇತ್ತು ಅಷ್ಟೆ. ಮನೆಯವರೆಲ್ಲ ಸಮಾಧಾನಪಟ್ಟು, ನೋಡಿದಿರಾ, ಯಂತ್ರಕ್ಕೂ ಶಾಸ್ತ್ರ ಗೊತ್ತಿದೆ, ಬರಬಾರದವರು ಬರಲಿಲ್ಲ ಎಂದರು. ಅಂದಿನಿಂದ ನಮ್ಮ ಬಳಗದಲ್ಲಿ ಅದೊಂದು ನಂಬಿಕೆಯೇ ಆಗಿಹೋಯಿತು: ಹಿಂದೆ ನಿಂತವರು ಫೋಟೋದಲ್ಲಿ ಬರುವುದಿಲ್ಲ. ಹಾಗಾಗಿ ಮಂಗಳಕಾರ್ಯದ ಚಿತ್ರ ತೆಗೆಯುವಾಗ ವಿಧವೆಯರು ಹಿಂದೆ ನಿಂತು ನೋಡಲು ಅಡ್ಡಿಯಿರಲಿಲ್ಲ.

ಇದನ್ನು ಹೇಳಿದಾಗ ಫೋಟೋದವ್ವ ಕೈಯಲ್ಲಿದ್ದ ಚೌಕಟ್ಟು ಕೆಳಗಿಟ್ಟರು.

'ಯಂತ್ರಕ್ಕ ಯಾವ ಶಾಸ್ತ್ರಾನೂ ಗೊತ್ತಿಲ್ಲ. ಆ ಪುಣ್ಯಾತ್ಮ ದೊಡ್ಡ ತೂತು ಹಾಕಿ ಲಗೂನ ಮುಗಿಸ್ಯಾನ. ಮುಂದಿನವರ ನತ್ತು ಬಂದ್ರ ರೊಕ್ಕ ಸಿಗ್ತದ ಅಂತ ಅವಗ ಗೊತ್ತಿತ್ತು, ಅಷ್ಟ.'

ಮಾವನವರ ಅರವತ್ತರ ಶಾಂತಿ ಮಾನ್ವಿಯ ಹಿರಿಯರ ಮನೆಯಲ್ಲಿ ಮಾಡುವುದೆಂದು ನಿಶ್ಚಯವಾಯಿತು. ಚಿತ್ರ ತೆಗೆಸಬೇಕೆಂದೂ, ಹೆಂಗಸರು ಬಹಳ ಇರುವುದರಿಂದ ಫೋಟೋದವ್ವನನ್ನೇ ಕರೆಸಬೇಕೆಂದೂ ಅತ್ತೆಯವರು ಒಪ್ಪಿಸಿದರು. ಅಕ್ಕನ ಮಾತು ಬಂದಾಗ ಮಾವನವರು, ಪಡಸಾಲೆಯಲ್ಲಿ ತೂಗುಹಾಕುವ ಮಂಗಳದ ಚಿತ್ರ ಅದು, ಎದ್ದ ಕೂಡಲೇ ಕಣ್ಣಿಗೆ ಬೀಳುವಂಥದ್ದು ಎಂದರು. ಆಮೇಲೆ ಸ್ವಲ್ಪ ತಡೆದು, ಹಿಂದೆ ನಿಂತು ನೋಡಲಿ, ಹಿಂದಿನವರು ಹೇಗೂ ಬರುವುದಿಲ್ಲವಲ್ಲ ಎಂದೂ ಸೇರಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ತಾವು ಉದಾರವಾಗಿದ್ದೇವೆ ಎಂದೇ ತಿಳಿದಿದ್ದರು.

ತಾನು ಬೆಳೆಸಿದ ತಮ್ಮನ ಅರವತ್ತನೆಯ ವರ್ಷದ ಚಿತ್ರದಲ್ಲಿ ಅಕ್ಕ ಇಲ್ಲವೆಂದರೆ, ಆಕೆಯ ಒಂದೇ ಒಂದು ಚಿತ್ರವೂ ಲೋಕದಲ್ಲಿ ಉಳಿಯುವುದಿಲ್ಲ. ಮಾರನೆಯ ದಿನ ಮಾಳಿಗೆಯ ಮೇಲೆ ಫೋಟೋದವ್ವನಿಗೆ, ಅಕ್ಕ ಬರುವಂತೆ ತೆಗೆಯುತ್ತೀರಾ ಎಂದು ಕೇಳಿದೆ. ಅವರು ಕೂಡಲೇ ಹೂಂ ಎನ್ನಲಿಲ್ಲ. ಬರಬೇಕೋ ಬೇಡವೋ ಎಂಬುದನ್ನು ಹೇಳಬೇಕಾದವರು ಅಕ್ಕ, ನೀನೂ ಅಲ್ಲ ನಾನೂ ಅಲ್ಲ, ನಾನೇ ಕೇಳುತ್ತೇನೆ ಎಂದರು.

ಯುದ್ಧದ ಕಾಲ ಅದು. ಗಾಜಿನ ಪ್ಲೇಟು ಸಿಗುವುದೇ ಕಷ್ಟವಿತ್ತು. ಫೋಟೋದವ್ವ ಇದ್ದ ಒಂದೇ ಒಂದು ಒಳ್ಳೆಯ ಪ್ಲೇಟನ್ನು ಕರಿ ಕಾಗದದಲ್ಲಿ ಸುತ್ತಿ, ಸೀರೆಯ ಗಂಟಿನ ನಡುವೆ ಇಟ್ಟುಕೊಂಡು, ಮಾನ್ವಿಯ ಮೋಟಾರಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು ಬಂದರು.

ಮಾನ್ವಿಯ ಆ ಮನೆಗೆ ನಡುವೆ ತೆರೆದ ಅಂಗಳ, ಸುತ್ತಲೂ ಪಡಸಾಲೆ, ಅದರಾಚೆ ಅಡುಗೆಮನೆ. ಮಡಿಯ ಮನೆಯಾದ್ದರಿಂದ ಫೋಟೋದವ್ವನಿಗೆ ಅಂಗಳದ ಆಚೆ ದಾಟುವಂತಿರಲಿಲ್ಲ. ಅಲ್ಲಿಂದಲೇ, ಅಡುಗೆಮನೆಯ ಹೊಸ್ತಿಲಲ್ಲಿ ಹೂರಣ ರುಬ್ಬುತ್ತಿದ್ದ ಅಕ್ಕನಿಗೆ ಕೇಳುವಷ್ಟೇ ದನಿಯಲ್ಲಿ ಹೇಳಿದರು:

'ಅಕ್ಕಾರ, ನಾ ಮುಚ್ಚಳ ತಗದಾಗ ನೀವು ಆ ಕಂಬದ ಹತ್ರ ನಿಂತಿರ್ರಿ. ಅಲುಗಿದ್ರ ಮಂಜಾಗ್ತೀರಿ, ಯಾರಿಗೂ ಕಾಣೂದಿಲ್ಲ. ಅಲುಗದಿದ್ರ ಬರ್ತೀರಿ. ಯಾವ್ದು ಬೇಕೋ ನಿಮ್ಮ ಮರ್ಜಿ.'

ಅಕ್ಕ ತಲೆ ಎತ್ತಲಿಲ್ಲ. ರುಬ್ಬುವ ಕೈ ಮಾತ್ರ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಇನ್ನೊಂದು ತೊಡಕಿತ್ತು. ಆ ಕಾಲದ ಪ್ಲೇಟಿಗೆ ಕೆಂಪು ಬಣ್ಣ ಕಾಣದು, ಕಪ್ಪಾಗಿ ಬೀಳುತ್ತದೆ. ಪಡಸಾಲೆಯ ನೆರಳಿನಲ್ಲಿ ಕೆಂಪು ಸೀರೆಯ ಅಕ್ಕ ನಿಂತರೆ ಕಪ್ಪಿನಲ್ಲಿ ಕಪ್ಪು. ಬಿಲ್ಲೆ ಎಷ್ಟು ಸಣ್ಣದಿದ್ದರೇನು? ಇದಕ್ಕೆ ದಾರಿ ಹೊಳೆದದ್ದು ನನಗೆ. ಬೆಳಿಗ್ಗೆ ಹಿಂಡಿ ಇಟ್ಟಿದ್ದ ಮಡಿ ಧೋತರಗಳನ್ನು ತಂದು, ಕೋಲಿನಿಂದ ಎತ್ತಿ, ಕಂಬದ ಹಿಂದೆ ಬಟ್ಟೆ ಒಣಹಾಕುವ ಗಳುವಿನ ಮೇಲೆ ಹರವಿಬಿಟ್ಟೆ. ಬಿಸಿಲಿನ ಕಡೆಯಿಂದ ಬೆಳಕು ಅದರ ಮೇಲೆ ಬಿದ್ದು ಆ ಮೂಲೆಯೇ ಬೆಳ್ಳಗಾಯಿತು. ಫೋಟೋದವ್ವ ನನ್ನನ್ನು ನೋಡಿ, ಕರಿ ಬಟ್ಟೆ ಎತ್ತಿ ಹಿಡಿದು, ಬಾ ಎಂದು ಕಣ್ಣು ಮಾಡಿದರು. ಮುಂದಿನ ಸಾಲು ಕೂಡುವಲ್ಲಿ ಒಂದು ತಂಬಿಗೆ, ಕಂಬದ ಹತ್ತಿರ ಒಂದು ತಂಬಿಗೆ ಇಟ್ಟಿದ್ದೆವು. ಎರಡರ ನಟ್ಟನಡುವೆ ಅಲ್ಲ, ನಡುವಿಗಿಂತ ತುಸು ಈಚೆಗೆ ಕ್ಯಾಮೆರಾದ ಕಣ್ಣು ನೆಡಬೇಕು. ಅದು ನನಗೆ ಬರುತ್ತಿತ್ತು. ಬಿಲ್ಲೆ ಯಾವುದು ಎಂದು ಕೇಳಿದರು. ಸಣ್ಣದರಲ್ಲಿ ಎರಡನೆಯದು ತೋರಿಸಿದೆ, ಹುಡುಗರು ಅಷ್ಟು ಹೊತ್ತು ಸುಮ್ಮನೆ ಕೂಡಲಾರರು ಎಂದು.

'ಅದ್ರಾಗ ಅಕ್ಕಾರ ಆಕಾರ ಬರ್ತದ, ಕಣ್ಣು ಬರೂದಿಲ್ಲ,' ಎಂದು ಎಲ್ಲಕ್ಕಿಂತ ಸಣ್ಣದನ್ನೇ ತೂರಿಸಿದರು. 'ಹುಡುಗ್ರು ಅಲುಗಿದ್ರ ಅಲುಗ್ಲಿ. ಅವರಿಗೆ ಇನ್ನೂ ಎಷ್ಟೋ ಫೋಟೋ ಅದಾವ.'

ಎಲ್ಲರೂ ಬಂದು ಕೂತರು. ಮಾವನವರು ಜರಿ ಶಲ್ಯ ಹೊದ್ದು ಕುರ್ಚಿಯ ಮೇಲೆ, ಪಕ್ಕದಲ್ಲಿ ಅತ್ತೆಯವರು, ಸೊಸೆಯಂದಿರು ನೆಲದ ಮೇಲೆ. ಮಾವನವರು ಹಿಂದೆ ತಿರುಗಿ ನೋಡಿದರು. ಅಕ್ಕ ಇನ್ನೂ ಬಂದಿರಲಿಲ್ಲ. ಧೋತರಗಳು ಮಾತ್ರ ಕಂಡವು.

'ಏನವಾ ಇದು, ಫೋಟೋಕ್ಕ ಧೋತ್ರ ಒಣಹಾಕೀರಿ?'

'ಹಿಂದಿದ್ದದ್ದು ಬರೂದಿಲ್ಲಲ್ರಿ ಮಾಸ್ತರ್ರ,' ಎಂದರು ಫೋಟೋದವ್ವ, ಬಟ್ಟೆಯೊಳಗಿಂದಲೇ. 'ನೀವ ಹೇಳಿದ್ರಂತ.'

ಯಾರೋ ಕಿಸಕ್ಕೆಂದರು. ಮಾವನವರು ಮುಂದೆ ತಿರುಗಿ ಮೀಸೆ ಸರಿಮಾಡಿಕೊಂಡರು. ಫೋಟೋದವ್ವ ಮುಚ್ಚಳ ತೆಗೆದರು.

ನಾನು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದೆ. ತಿರುಗುವಂತಿಲ್ಲ. ಹರೇ ಶ್ರೀನಿವಾಸ... ಹರೇ ಶ್ರೀನಿವಾಸ... ಹಿಂದಿನಿಂದ ಬರಿಗಾಲಿನ ಸಪ್ಪಳ ಮುಚ್ಚಳ ತೆಗೆಯುವ ಮುಂಚೆಯೇ ಕೇಳಿತ್ತೋ, ನನ್ನ ಕಿವಿಯ ಭ್ರಮೆಯೋ ತಿಳಿಯದು. ಅಕ್ಕ ನಿಂತಿದ್ದಾರೋ, ಒಳಗೆ ಸರಿದರೋ, ಸೆರಗು ಎಳೆದುಕೊಳ್ಳುತ್ತಿದ್ದಾರೋ... ನನ್ನ ಪಕ್ಕದ ಕೂಸು ಕೈ ಆಡಿಸಿತು. ಫೋಟೋದವ್ವನ ತುಟಿ ಮೆಲ್ಲಗೆ ಅಲುಗುತ್ತಿತ್ತು. ಅವರ ಕಣ್ಣು ನಮ್ಮ ಯಾರ ಮೇಲೂ ಇರಲಿಲ್ಲ, ನಮ್ಮ ತಲೆಗಳ ಮೇಲಿಂದ ದೂರ ನೆಟ್ಟಿತ್ತು. ಅಷ್ಟು ಉದ್ದದ ಹೊತ್ತನ್ನು ನಾನು ಹೆರಿಗೆಯಲ್ಲೂ ಕಂಡಿಲ್ಲ.

ರಾಯಚೂರಿಗೆ ಬಂದ ಮೇಲೆ ಮಾಳಿಗೆಯ ಬಿಸಿಲಿನಲ್ಲಿ ಆ ಚಿತ್ರ ಮೂಡುವುದನ್ನು ನಾವಿಬ್ಬರೂ ಕೂತು ನೋಡಿದೆವು. ಮೊದಲು ಶಲ್ಯದ ಜರಿ, ಆಮೇಲೆ ಮುಖಗಳು. ಕೂಸಿನ ಕೈ ಮಂಜು. ಕೊನೆಗೆ ಬಿಳಿ ಧೋತರದ ಮುಂದೆ ಅಕ್ಕ. ತಲೆಯ ಮೇಲಿನ ಸೆರಗು, ಕುಗ್ಗಿದ ಕೆನ್ನೆ, ನೇರವಾಗಿ ನಮ್ಮನ್ನೇ ನೋಡುವ ಎರಡು ಕಣ್ಣು. ಕೈಗೆ ಅಂಟಿದ ಹೂರಣ ತೊಳೆದುಕೊಂಡು ಬಂದಿದ್ದರು. ಬೆರಳುಗಳ ಮೇಲೆ ನೀರಿನ ಹೊಳಪಿತ್ತು.

ಮಾವನವರು ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಫೋಟೋದವ್ವನನ್ನು ಕರೆಸಿದರು. ಹೊರಗಿನ ಕಟ್ಟೆಯ ಹತ್ತಿರ ನಿಂತವರಿಗೆ, ಪ್ಲೇಟಿನಲ್ಲಿ ಆ ಜಾಗ ಕೆರೆದು ತೆಗೆಯಲು ಬರುತ್ತದಲ್ಲ, ತೆಗೆದು ಇನ್ನೊಂದು ಪ್ರತಿ ಹಾಕಿಕೊಡಿ ಎಂದರು. ಬರುವ ಕೆಲಸವೇ ಅದು. ಮೊಡವೆ, ಕಲೆ ಎಲ್ಲ ಅವರು ಸೂಜಿಯಲ್ಲಿ ಕೆರೆದು ತೆಗೆಯುವುದನ್ನು ನಾನೇ ಕಂಡಿದ್ದೆ.

ಆಗುವುದಿಲ್ಲ ಎಂದರು ಫೋಟೋದವ್ವ. ಮಾವನವರು ದನಿ ಏರಿಸಲಿಲ್ಲ. ಹಾಗಾದರೆ ನಾಳೆಯಿಂದ ನಮ್ಮ ಬಳಗದ ಯಾವ ಮನೆಯವರೂ ನಿಮ್ಮನ್ನು ಕರೆಯುವುದಿಲ್ಲ, ತಿಳಿದಿರಲಿ ಎಂದರು.

'ಕರೀಬ್ಯಾಡ್ರಿ. ಕಲೆ ಕೆರಿತೀನಿ ನಾ, ಮನಷ್ಯಾರನ್ನ ಕೆರಿಯಂಗಿಲ್ಲ.'

ಮಾವನವರು ನನ್ನ ಕಡೆ ತಿರುಗಿ, ಧೋತರ ಹಾಕಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಬಾಗಿಲಿನಿಂದ ಅಕ್ಕನ ದನಿ ಬಂತು. ಹೊರಗಿನವರ ಎದುರಿಗೆ ಅವರು ತಮ್ಮನ ಮುಂದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

'ಅವರಿಬ್ಬರ್ನ್ಯಾಕ ಕೇಳ್ತೀಯೋ ತಮ್ಮಾ. ಅಲುಗಿದ್ರ ಬರೂದಿಲ್ಲಂತ ನನಗ ಹೇಳಿದ್ರು. ಗೊತ್ತಿದ್ದ ನಿಂತೀನಿ. ಅಲುಗಿಲ್ಲ ನಾ.'

ಮಾವನವರು ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕೊನೆಗೆ ಎದ್ದು, ಅದನ್ನು ಅಲ್ಲೇ ಮಂಚದ ಮೇಲೆ ಬಿಟ್ಟು ಮಠದ ಕಡೆ ಹೊರಟರು. ಆವತ್ತು ಅಕ್ಕ ಬಾಗಿಲ ಹಿಂದೆ ಸರಿಯಲಿಲ್ಲ. ಎದುರಿಗೇ ಇದ್ದರು.

ಚಿತ್ರವನ್ನು ಅಕ್ಕ ತಮ್ಮ ಗೂಡಿನಲ್ಲಿ ಇಟ್ಟುಕೊಂಡರು. ಅವರು ತೀರಿಕೊಂಡ ಮೇಲೆ ನಾನು ಅದನ್ನು ಪಡಸಾಲೆಗೆ ತಂದು ಹಾಕಿದೆ. ಮಾವನವರು ನೋಡಿದರು, ತೆಗಿ ಎನ್ನಲಿಲ್ಲ.

ಆದರೆ ಆಡಿದ ಮಾತು ಅವರು ನಡೆಸಿದರು. ನಮ್ಮ ಬಳಗದ ಮನೆಗಳ ಕರೆ ಫೋಟೋದವ್ವನಿಗೆ ನಿಂತೇ ಹೋಯಿತು. ಅವರು ಒಂದು ದಿನವೂ ಅದರ ಬಗ್ಗೆ ನನ್ನೆದುರು ಗೊಣಗಲಿಲ್ಲ. ಪರದೆಯ ಟಾಂಗಾಗಳು ಬರುತ್ತಿದ್ದವು, ವ್ಯಾಪಾರಸ್ಥರ ಮನೆಗಳಿದ್ದವು, ಹೇಗೋ ನಡೆಯಿತು. ಮಾಳಿಗೆಗೆ ಹೋಗಬೇಡ ಎಂದು ಮಾವನವರು ನನಗೂ ಹೇಳಿ ನೋಡಿದರು. ಹಪ್ಪಳ ಯಾರು ಒಣಗಿಸುತ್ತಾರೆ ಎಂದು ಕೇಳಿದೆ. ಹೋಗುತ್ತಲೇ ಇದ್ದೆ.

ಆಮೇಲೆ ನಿಜಾಮರ ಕೊನೆಯ ದಿನಗಳ ಗಲಾಟೆ ಬಂತು. ಜನ ಗಂಟುಮೂಟೆ ಕಟ್ಟಿ ಹೊಳೆ ದಾಟಿದರು, ಹಳ್ಳಿ ಸೇರಿದರು. ನಾವು ಮಾನ್ವಿಗೆ ಬಂದೆವು. ಫೋಟೋದವ್ವ ಕ್ಯಾಮೆರಾ ಒಂದನ್ನೇ ಗಾಡಿಯಲ್ಲಿ ಹೇರಿಕೊಂಡು ದೇವದುರ್ಗಕ್ಕೆ ಹೋದರು. ಪ್ಲೇಟಿನ ಪೆಟ್ಟಿಗೆಗಳು ರಾಯಚೂರಿನ ಮನೆಯಲ್ಲೇ ಉಳಿದವು. ಊರು ತಣ್ಣಗಾದ ಮೇಲೆ ಮನೆಯ ಮಾಲಕರು ಅವನ್ನೆಲ್ಲ ಸೋಡಾ ಹಾಕಿದ ಬಿಸಿನೀರಿನ ಹಂಡೆಯಲ್ಲಿ ಅದ್ದಿ, ಉಜ್ಜಿ, ಕಿಟಕಿಗಳಿಗೆ ಕೂಡಿಸಿಬಿಟ್ಟಿದ್ದರು. ಅಕ್ಕನ ಪ್ಲೇಟೂ ಅದರಲ್ಲೇ ಹೋಯಿತು. ನಾನು ಹೋಗಿ ನೋಡಿದೆ. ಒಂದು ಗಾಜಿನ ಮೂಲೆಯಲ್ಲಿ ಯಾರದೋ ಭುಜ ಇನ್ನೂ ಉಳಿದಿತ್ತು, ಬಳೆ ತೊಟ್ಟ ಅರ್ಧ ತೋಳು... ದೇವದುರ್ಗಕ್ಕೂ ಹೋದೆ, ಬಹಳ ತಡವಾಗಿ. ಅವರಿದ್ದ ಮನೆಯಲ್ಲಿ ಬೇರೆಯವರಿದ್ದರು. ಅವರು ತೀರಿಹೋಗಿ ಎರಡು ಮಳೆಗಾಲ ಆಯಿತು ಎಂದರು. ಕೊನೆಯ ತನಕ ಫೋಟೋ ತೆಗೆಯುತ್ತಿದ್ದರಂತೆ, ಮುಂಗಡ ತೆಗೆದುಕೊಳ್ಳುವ ಮೊದಲೇ ಮನೆಯಲ್ಲಿ ಯಾರ್ಯಾರಿದ್ದಾರೆ ಎಲ್ಲರೂ ಬರಬೇಕು ಎಂದು ಜಗಳ ಆಡುತ್ತಿದ್ದರಂತೆ.

ಈಗ ನಮ್ಮವರೂ ಇಲ್ಲ. ನನ್ನ ತಲೆಯ ಮೇಲೆ ಕೂದಲಿದೆ, ಮೈಮೇಲೆ ಬಣ್ಣದ ಸೀರೆಯಿದೆ. ಕಾಲ ಅಷ್ಟು ಮುಂದೆ ಬಂದಿದೆ. ಆದರೂ ಕಳೆದ ತಿಂಗಳು ಮೊಮ್ಮಗನಿಗೆ ಹೆಸರಿಟ್ಟ ದಿನ, ಫೋಟೋಕ್ಕೆ ಎಲ್ಲರೂ ಕೂಡುವ ಹೊತ್ತಿಗೆ, ಬೀಗರ ಕಡೆಯವರೊಬ್ಬರು ಮೆಲ್ಲಗೆ ಬಂದು, ದಣಿದಿದ್ದೀರಿ, ಒಳಗೆ ಕೂಡಿರಿ ಎಂದರು. ದಣಿದಿಲ್ಲ ಎಂದೆ. ಕುರ್ಚಿಯೊಂದನ್ನು ನಾನೇ ಎತ್ತಿಕೊಂಡು ಹೋಗಿ ಮುಂದಿನ ಸಾಲಿನ ನಡುವೆ ಇಟ್ಟು ಕೂತೆ.

ಚಿತ್ರ ಬಂದಿದೆ, ಬಣ್ಣದ್ದು. ನಾನು ಚೆನ್ನಾಗಿಯೇ ಬಂದಿದ್ದೇನೆ. ಸೀರೆಯ ಅಂಚಿನ ಎಳೆ ಎಣಿಸಬಹುದು. ನನ್ನ ಭುಜದ ಹಿಂದೆ, ಬಾಗಿಲ ಹತ್ತಿರ ಇಬ್ಬರು ಹೆಂಗಸರು ನಿಂತಿದ್ದಾರೆ. ಮುಖವಿಲ್ಲ. ಎರಡು ಬಣ್ಣದ ಮುದ್ದೆ ಅಷ್ಟೆ. ಒಬ್ಬಾಕೆ ಅಡುಗೆಗೆ ಬಂದವಳೆಂದು ಸೊಸೆ ಗುರುತು ಹಿಡಿದಳು. ಇನ್ನೊಬ್ಬಾಕೆ ಯಾರೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಫೋಟೋಗ್ರಾಫರನನ್ನು ಕರೆಸಿ ಹಿಂದಿನವರು ಎಲ್ಲಿ ಎಂದು ಕೇಳಿದೆ. ಹಾಗೆ ಮಂಜಾಗಿ ಬಂದರೇ ಚೆಂದ, ಈಗ ಎಲ್ಲರೂ ಹಾಗೇ ಬಯಸುತ್ತಾರೆ ಎಂದು ನಕ್ಕ. ಇಂಥ ಹೊತ್ತಿಗೆ ಎದುರು ನಿಂತು ಮಾತಾಡಲು ಫೋಟೋದವ್ವ ಇರಬೇಕಿತ್ತು. ಇಲ್ಲ. ಅವರಷ್ಟು ಚುರುಕು ನಾಲಿಗೆ ನನಗಿಲ್ಲ, ಅವರ ಹಾಗೆ ಒಂದೇ ಮಾತಿನಲ್ಲಿ ಮುಗಿಸಲೂ ಬಾರದು. ಚಿತ್ರವನ್ನು ಅವನ ಕೈಗೇ ಮರಳಿ ಕೊಟ್ಟೆ. 'ರವಿವಾರ ಮತ್ತ ಬಾರಪಾ. ಅವರಿಬ್ಬರನ್ನೂ ಕರೆಸ್ತೀನಿ, ಅವರ ಮುಖ ಬರೂ ಹಂಗ ತಗಿ. ಅಲ್ಲೀತನಕ ಗೋಡಿಗೆ ಏನೂ ಹಾಕೂದಿಲ್ಲ ನಾ,' ಎಂದೆ.

ಅಡುಗೆಯಾಕೆ ಬರುತ್ತೇನೆ ಎಂದಿದ್ದಾಳೆ. ಇನ್ನೊಬ್ಬಾಕೆ ಯಾರೆಂದು ಮನೆ ಮನೆ ಕೇಳುತ್ತಿದ್ದೇನೆ.